ಮುರಗೆಪ್ಪ ಮೈಕು ಹಿಡಿದ ಮದುವೆ

ಹೆಸರಿನ ಮುಂದೆ ಏನಾದರೊಂದು ಇರಲೇಬೇಕು, ಇಲ್ಲದಿದ್ದರೆ ಬರಿದಲೆಯಲ್ಲಿ ಬೀಗರ ಮನೆಗೆ ಹೋದಂತೆ ಎಂದು ನಂಬಿಕೊಂಡವನು ನಮ್ಮ ಓಣಿಯ ಮುರಗೆಪ್ಪ. ದೇವರು ಅವನಿಗೆ ಕಾಗವಾಡ ರಸ್ತೆಗೆ ಹತ್ತಿಕೊಂಡು ದ್ರಾಕ್ಷಿ ತೋಟ ಕೊಟ್ಟಿದ್ದ, ಹಳ್ಳದ ಕಡೆ ಕಬ್ಬು ಕೊಟ್ಟಿದ್ದ, ರುಕ್ಮವ್ವನಂಥ ತಾಳಿಕೊಳ್ಳುವ ಹೆಂಡತಿಯನ್ನು ಕೊಟ್ಟಿದ್ದ. ಹೆಸರಿನ ಮುಂದೆ ಮಾತ್ರ ಏನನ್ನೂ ಕೊಟ್ಟಿರಲಿಲ್ಲ. ನಮ್ಮ ಕಡೆ ರಾವಸಾಹೇಬ, ಬಾಳಾಸಾಬ ಎಂದು ತೊಟ್ಟಿಲಲ್ಲೇ ಹೆಸರಿನೊಳಗೆ ಸಾಹೇಬನನ್ನು ಕೂಡಿಸಿಬಿಡುವ ರೂಢಿ ಉಂಟು. ಅಂಥವರು ದನ ಕಾಯ್ದರೂ ಸಾಹೇಬರೇ. ಮುರಗೆಪ್ಪನ ತೊಟ್ಟಿಲ ಮುಂದೆ ಯಾರಿಗೂ ಅದು ನೆನಪಾಗಲಿಲ್ಲ.

ಅವನ ಅಜ್ಜನ ಕಾಲದಲ್ಲಿ ಈ ಕೊರತೆ ಇರಲಿಲ್ಲ. ಆಗ ಒಂದು ಕಾರ್ಡು ಬರೆದರೂ ‘ರಾಜಮಾನ್ಯ ರಾಜಶ್ರೀ’ಯಿಂದ ಶುರುವಾಗಿ ‘ಇವರ ಸೇವೆಗೆ’ ಎನ್ನುವಷ್ಟರಲ್ಲಿ ಅರ್ಧ ಕಾರ್ಡು ಮುಗಿಯುತ್ತಿತ್ತು. ಉಳಿದರ್ಧದಲ್ಲಿ ‘ಎಮ್ಮಿ ಈದೈತಿ, ಗಿಣ್ಣ ತಿನ್ನಾಕ ಬರ್ರಿ’ ಎಂದಿರುತ್ತಿತ್ತು. ಈ ಕತೆ ನಡೆದಾಗ, ಅಂದರೆ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಪಾರಿಸ ಎಸ್‌ಟಿಡಿ ಬೂತು ತೆರೆದ ಹೊಸದರಲ್ಲಿ, ಕಾಲ ಪೂರಾ ಕೆಟ್ಟಿತ್ತು. ಅಥಣಿ ಬಸ್ಸಿನ ಕಂಡಕ್ಟರ “ಏ ಟೋಪಿ, ಹಿಂದ ಸರಿ” ಎನ್ನುತ್ತಿದ್ದ. ಬ್ಯಾಂಕಿನವರು ಹಿತ್ತಾಳೆಯ ಬಿಲ್ಲೆ ಕೊಟ್ಟು, ಆ ಬಿಲ್ಲೆಯ ನಂಬರನ್ನೇ ಕೂಗಿ ಮನುಷ್ಯನನ್ನು ಕರೆಯುತ್ತಿದ್ದರು. ಮುರಗೆಪ್ಪ ಇದನ್ನೆಲ್ಲ ನುಂಗಿಕೊಂಡಿದ್ದ. ನುಂಗಲಾರದ್ದು ನಡೆದದ್ದು ರಾಯಬಾಗದ ಒಂದು ಮದುವೆಯಲ್ಲಿ.

ನಮ್ಮ ಭಾಗದ ಮದುವೆಗಳಲ್ಲಿ ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ಮೊದಲು ಬಂದ ಹಿರಿಯರನ್ನು ಮೈಕಿನಲ್ಲಿ ಹೆಸರು ಹಿಡಿದು ಕರೆದು, ಟಾವೆಲ್ಲು, ಟೋಪಿ, ಕಾಯಿ ಕೊಟ್ಟು ಮಾನ ಮಾಡುವುದು ಪದ್ಧತಿ. ಟಾವೆಲ್ಲು ಮನೆಯಲ್ಲಿ ಬೇಕಾದಷ್ಟು ಇರುತ್ತವೆ, ಆದರೆ ಆ ಕರೆಯುವುದಿದೆಯಲ್ಲ, ಅದರ ಸಲುವಾಗಿ ಜನ ಬಿಸಿಲಲ್ಲಿ ಎರಡು ಬಸ್ಸು ಬದಲಿಸಿ ಬರುತ್ತಾರೆ. ರಾಯಬಾಗದ ಮೈಕಿನ ಹುಡುಗ “ಮುರಗೆಪ್ಪ ಎಲ್ಲಿದ್ರೂ ಬರಬೇಕು” ಎಂದ, ಅಷ್ಟೇ. ಅದಕ್ಕೂ ತುಸು ಮೊದಲು ಅದೇ ದನಿಯಲ್ಲಿ ಅವನು ದಾರಿಗೆ ಅಡ್ಡ ನಿಂತ ಟ್ರ್ಯಾಕ್ಟರನ್ನು ಸರಿಸಲು ಹೇಳಿದ್ದ. ಮುರಗೆಪ್ಪ ಟೋಪಿ ಇಸಿದುಕೊಂಡು ಬಂದ, ಆದರೆ ತಲೆಗೆ ಇಡಲಿಲ್ಲ. ಊರು ಮುಟ್ಟುವ ತನಕ ಅದನ್ನು ಸತ್ತ ಪಾರಿವಾಳ ಹಿಡಿದಂತೆ ಕೈಯಲ್ಲಿ ಹಿಡಿದುಕೊಂಡೇ ಬಂದ.

ಅಂದೇ ಅವನು ಪ್ರತಿಜ್ಞೆ ಮಾಡಿದ: ತನ್ನ ಮಗಳು ಶಿವಗಂಗಾನ ಮದುವೆಯಲ್ಲಿ ಒಂದೇ ಒಂದು ಹೆಸರೂ ಬರಿಮೈಯಲ್ಲಿ ಹಂದರದೊಳಗೆ ತಿರುಗಬಾರದು.

ಶಿವಗಂಗಾನನ್ನು ಮುಗಳಖೋಡದ ಧರೆಪ್ಪನವರ ಮನೆಗೆ ಕೊಡುವುದು ಆಗಲೇ ಗೊತ್ತಾಗಿತ್ತು. ಧರೆಪ್ಪನವರು ಮೆತ್ತನ್ನ ಮನುಷ್ಯ. ಮನೆ ನಡೆಸುವಾಕೆ ಅವರ ಹೆಂಡತಿ ಗೌರಾಬಾಯಿ, ಹಣೆಯ ಮೇಲೆ ರೂಪಾಯಿಯಗಲ ಕುಂಕುಮ, ಮಾತು ಖಡಕ್. ಹುಡುಗಿ ನೋಡಲು ಬಂದಾಗ ಶಿವಗಂಗಾನ ಕೈ ಹಿಡಿದು, “ಇಕಿ ನನ್ನ ಸೊಸಿ, ಮತ್ತ್ಯಾರಿಗೂ ತೋರಸಬ್ಯಾಡ್ರಿ” ಎಂದು ಹೇಳಿ ಹೋದಾಕೆ. ಅಂಥ ಬೀಗಿತ್ತಿ ಸಿಗಲು ಪುಣ್ಯ ಬೇಕು ಎಂದು ಓಣಿಯ ಹೆಣ್ಣುಮಕ್ಕಳೆಲ್ಲ ಅಂದೆವು.

ಮೈಕ್ ಸೆಟ್ಟಿನ ಮಲಕಾರಿಯನ್ನು ಮುರಗೆಪ್ಪ ಕರೆಸಿ, ಸೆಟ್ಟು ನಿನ್ನದು, ಬಾಯಿ ನನ್ನದು ಎಂದ. ಮಲಕಾರಿ ಗಾಬರಿಯಾದ.

“ಮುರಗಣ್ಣಾ, ಈಗ ‘ಶ್ರೀ’ ಅಂದ್ರ ಸಾಕು. ಟೈಮ್ ಉಳೀತೈತಿ.”

“ಟೈಮ್ ಉಳಿಸಿ ಏನ್ ಮಾಡಾಂವಲೇ? ಉಪ್ಪಿನಕಾಯಿ ಹಾಕಾಂವ?”

ಅಲ್ಲಿಂದ ಮುರಗೆಪ್ಪನ ತಾಲೀಮು ಶುರುವಾಯಿತು. ದ್ರಾಕ್ಷಿ ಸಾಲುಗಳ ನಡುವೆ ನಿಂತು ಬಳ್ಳಿಬಳ್ಳಿಗೂ ಬಿರುದು ಹಚ್ಚಿ ಕರೆಯುವನು. ಹಕ್ಕಿ ಹೆದರಿಸಲು ನಿಲ್ಲಿಸಿದ ಬೆದರುಗೊಂಬೆ ಆ ಹದಿನೈದು ದಿನಗಳಲ್ಲಿ ಪಡೆದ ಮಾನವನ್ನು ನಮ್ಮ ತಾಲೂಕಿನಲ್ಲಿ ಬೇರೆ ಯಾವ ಗೊಂಬೆಯೂ ಪಡೆದಿರಲಿಕ್ಕಿಲ್ಲ. ಬಿರುದುಗಳನ್ನು ಅವನು ಯಾರನ್ನೂ ಕೇಳಲಿಲ್ಲ. ಎಲ್ಲ ಸಣ್ಣವನಿದ್ದಾಗ ಕಿವಿಗೆ ಬಿದ್ದವು. ಯಾವುದನ್ನು ಯಾರಿಗೆ ಹಚ್ಚಬೇಕು ಎಂಬುದನ್ನು ಅವನು ದನಿಯ ಭಾರ ನೋಡಿ ತೂಗಿದ. ಉದ್ದವಿದ್ದದ್ದು ದೊಡ್ಡವರಿಗೆ, ಗಿಡ್ಡವಿದ್ದದ್ದು ಸಣ್ಣವರಿಗೆ. ಲೆಕ್ಕ ಸರಿ ಕಂಡಿತು.

ಮದುವೆಯ ದಿನ ಮಲಕಾರಿ ಮೈಕಿನ ದನಿ ಹೊರಡುವ ಒಂದು ಕರ್ಣಿಯನ್ನು ಬೇವಿನ ಮರಕ್ಕೂ ಇನ್ನೊಂದನ್ನು ಸೊಸಾಯಟಿಯ ಮಾಳಿಗೆಗೂ ಕಟ್ಟಿದ. ಹಂದರದಲ್ಲಿ ಕೆಮ್ಮಿದರೆ ಬಸ್ ಸ್ಟ್ಯಾಂಡಿನಲ್ಲಿ ಕೇಳುತ್ತಿತ್ತು, ಕಬ್ಬು ಕಡಿಯುವವರಿಗೂ ಕೇಳುತ್ತಿತ್ತು. ಮುರಗೆಪ್ಪ ತಲೆಗೆ ಪಟಗಾ ಸುತ್ತಿಕೊಂಡು ಮೈಕಿನ ಮುಂದೆ ನಿಂತ.

ಮೊದಮೊದಲು ಎಂಥ ಶೋಭೆ ಅಂತೀರಿ. ಸೊಸಾಯಟಿಯ ಸೆಕ್ರೆಟರಿ ಬಾಳಾಸಾಬನನ್ನು “ಶ್ರೀಮಂತ ಅಖಂಡಿತ ಲಕ್ಷ್ಮೀಪ್ರಸನ್ನ” ಎಂದು ಕರೆದಾಗ ಅವನು ನಡೆದು ಬರಲಿಲ್ಲ, ತೇಲಿ ಬಂದ. ಕಂಬಕ್ಕೊರಗಿ ತೂಕಡಿಸುತ್ತಿದ್ದ ಮುದುಕರು ಎದ್ದು ಕೂತು ಮೀಸೆ ಸರಿಮಾಡಿಕೊಂಡರು. ಹಾಲಿನ ಡೇರಿಯವನನ್ನು “ತೀರ್ಥರೂಪ” ಎಂದು ಕರೆದಾಗ ಮಾತ್ರ ತುಸು ಗೊಂದಲವಾಯಿತು. ಅದು ಹೆತ್ತ ತಂದೆಗೆ ಹಚ್ಚುವಂಥದ್ದು, ಡೇರಿಯವನೋ ಮುರಗೆಪ್ಪನಿಗಿಂತ ಸಣ್ಣವನು. ಇಷ್ಟು ದೊಡ್ಡ ಮಗ ತನಗೆ ಯಾವಾಗ ಹುಟ್ಟಿದ ಎಂದು ಅವನು ಹೆಂಡತಿಯ ಮುಖ ನೋಡಿದ, ಹೆಂಡತಿ ಅವನ ಮುಖ ನೋಡಿದಳು. ಆದರೂ ಟೋಪಿ ಇಸಿದುಕೊಂಡ. ಮಾನ ಬೇಡ ಎನ್ನುವವರು ಯಾರು?

ಗಂಡಸರು ಮುಗಿದರು. ಇನ್ನು ಬೀಗಿತ್ತಿಯನ್ನು ಕರೆದು ಉಡಿ ತುಂಬಬೇಕು. ಮುರಗೆಪ್ಪ ಎಲ್ಲಕ್ಕಿಂತ ಭಾರದ್ದನ್ನು ಈ ಗಳಿಗೆಗೆ ತೆಗೆದಿಟ್ಟಿದ್ದ. ಎದೆ ತುಂಬ ಗಾಳಿ ಎಳೆದುಕೊಂಡು ಹೇಳಿದ:

“ಗಂಗಾಭಾಗೀರಥಿ ಗೌರಾಬಾಯಿ ಧರೆಪ್ಪ ಅವರು ಉಡಿ ತುಂಬಿಸಿಕೊಳ್ಳಾಕ ದಯಮಾಡಸಬೇಕು.”

ನಾವು ಹೆಣ್ಣುಮಕ್ಕಳು ಹಿತ್ತಲಲ್ಲಿ ಹೋಳಿಗೆಯ ಹಂಚಿನ ಮುಂದೆ ಕೂತಿದ್ದೆವು. ತಿರುವುತ್ತಿದ್ದ ಕೈಗಳು ಅಲ್ಲೇ ನಿಂತವು. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಆದ್ದರಿಂದ ಹೇಳುತ್ತೇನೆ: ಹಿಂದೆ ಮುತ್ತೈದೆಯ ಹೆಸರಿನ ಮುಂದೆ ಸೌಭಾಗ್ಯವತಿ ಎಂದು ಬರೆಯುತ್ತಿದ್ದರು. ಗಂಡ ತೀರಿಕೊಂಡಾಕೆಯ ಹೆಸರಿನ ಮುಂದೆ ಗಂಗಾಭಾಗೀರಥಿ ಎನ್ನುತ್ತಿದ್ದರು. ಅದನ್ನು ಹಚ್ಚಿಸಿಕೊಳ್ಳಲು ಗಂಡ ಇರಬಾರದು, ಅದೊಂದೇ ಅರ್ಹತೆ.

ವಾಜಂತ್ರಿಯವರು ಊದುವುದು ಬಿಟ್ಟರು. ಹಂದರ ಗಪ್ಪಾಯಿತು. ಮುರಗೆಪ್ಪನಿಗೆ ಆನಂದವೋ ಆನಂದ, ಬಿರುದಿನ ಭಾರಕ್ಕೆ ಜನ ಬೆರಗಾದರು ಎಂದು ತಿಳಿದ. ಬಹುಶಃ ಹಿಂದಿನ ಸಾಲಿಗೆ ಕೇಳಿಲ್ಲವೆಂದು ಇನ್ನೊಮ್ಮೆ, ಮೊದಲಿಗಿಂತ ಗಟ್ಟಿಯಾಗಿ ಹೇಳಿದ.

ಗೌರಾಬಾಯಿಯ ಕೈ ಕೊರಳಿನ ತಾಳಿಗೆ ಹೋಯಿತು. ಆಕೆಯ ತಮ್ಮ ರಾವಸಾಹೇಬ ಎದ್ದು ನಿಂತು ಸುತ್ತ ನೋಡಿದ. “ನಮ್ಮ ಭಾವಾರ ಎಲ್ಲೆದಾರ?”

ಆ ಹೊತ್ತಿಗೆ ಧರೆಪ್ಪನವರು ಹಂದರದಲ್ಲಿ ಇರಲಿಲ್ಲ, ಅದೇ ಕುತ್ತಾಯಿತು. ಒಬ್ಬ, ಮುಂಜಾನೆ ಅವರು ಎದೆಯುರಿ ಅನ್ನುತ್ತಿದ್ದರು ಎಂದ. ಇನ್ನೊಬ್ಬ, ನಾಷ್ಟಾದ ಭಜಿ ಮುಟ್ಟಲಿಲ್ಲ ಎಂದ. ಮೂರನೆಯವನು ಭಜಿಯನ್ನು ಬಿಟ್ಟು ಎದೆಯ ಮಾತನ್ನಷ್ಟೇ ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ಹೋದ. ಅಲ್ಲಿ ಕರ್ಣಿ ಹೇಳಿದ್ದನ್ನು ಆಗಲೇ ಕೇಳಿದ್ದ ಪಾರಿಸ, ಎರಡನ್ನೂ ಕೂಡಿಸಿ ಮುಗಳಖೋಡಕ್ಕೆ ಫೋನು ಹಚ್ಚಿದ. ಹೊಸ ಫೋನು ನೋಡ್ರಿ, ಸುದ್ದಿಗಾಗಿ ಹಸಿದಿತ್ತು. “ಧರೆಪ್ಪ ಹ್ವಾದ್ರು” ಎಂದಷ್ಟೇ ಹೇಳಿ ಇಟ್ಟ. ಹೆಚ್ಚು ಮಾತಾಡಿದರೆ ಮೀಟರು ಓಡುತ್ತದೆ.

ಬಾಳಾಸಾಬ ಅಖಂಡಿತ ಲಕ್ಷ್ಮೀಪ್ರಸನ್ನನಾಗಿ ಇನ್ನೂ ಕಾಲು ತಾಸು ಆಗಿರಲಿಲ್ಲ. ಅಂಥವನಿಗೆ ಕರ್ತವ್ಯ ಇರುತ್ತದೆ. ಸೊಸಾಯಟಿಯ ಬಾಗಿಲು ಮುಚ್ಚಿಸಿ, ಚೆಂಡುಹೂವಿನ ದೊಡ್ಡ ಹಾರಕ್ಕೆ ಹೇಳಿ ಕಳಿಸಿ, ಮೃತರು ತನಗೆ ಎಷ್ಟು ಬೇಕಾದವರಾಗಿದ್ದರು ಎಂದು ಬಾಯಲ್ಲೇ ಭಾಷಣ ಕಟ್ಟತೊಡಗಿದ. ಅವರನ್ನು ಅವನು ಅಂದು ಮುಂಜಾನೆಯೇ ಮೊದಲು ನೋಡಿದ್ದು.

ಇತ್ತ ಮುಗಳಖೋಡದಿಂದ ಹೆಣ್ಣುಮಕ್ಕಳನ್ನು ತುಂಬಿಕೊಂಡ ಟೆಂಪೊ ಊರ ಅಗಸಿಗೆ ಬಂತು. ದಾರಿಯುದ್ದಕ್ಕೂ ಸೋಬಾನ ಹಾಡುತ್ತ ಬಂದವರು. ಅಗಸಿಯಲ್ಲಿ ಯಾರೋ ಪುಣ್ಯಾತ್ಮರು ಸುದ್ದಿ ಹೇಳಿದರು. ಸೋಬಾನ ಅದೇ ಉಸಿರಿನಲ್ಲಿ ಅಳುವಿಗೆ ತಿರುಗಿತು. ರಾಗ ಬದಲಿಸುವ ಪುರಸತ್ತೂ ಸಿಗಲಿಲ್ಲ.

ಧರೆಪ್ಪನವರು ಆಗ ಬಸ್ ಸ್ಟ್ಯಾಂಡಿನ ಹಿಂದಿನ ಕಟಿಂಗ್ ಅಂಗಡಿಯಲ್ಲಿ, ಮುಖಕ್ಕೆ ಸಾಬೂನಿನ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಎಡಗೆನ್ನೆ ಮುಗಿದಿತ್ತು, ಬಲಗೆನ್ನೆ ಉಳಿದಿತ್ತು. ಹೆಂಡತಿ ವಿಧವೆಯಾದಳೆಂದು ಕರ್ಣಿಯಲ್ಲಿ ಕೇಳಿ ಅವರಿಗೆ ಮೊದಲು ಬಂದದ್ದು ದುಃಖ. ಪಾಪ, ಗೌರಾಗ ಎಂಥಾ ಕಾಲ ಬಂತು ಎಂದುಕೊಂಡರಂತೆ. ಆಮೇಲೆ, ಹಾಗಾದರೆ ತೀರಿಕೊಂಡವನು ಯಾರು ಎಂದು ಬಹಳ ಹೊತ್ತು ಲೆಕ್ಕ ಹಾಕಿದರು. ಲೆಕ್ಕ ತಮ್ಮ ಮೇಲೇ ಬಂದು ನಿಂತಾಗ ಎದ್ದವರೇ ಕೊರಳಿನ ಅರಿವೆಯ ಸಮೇತ ಓಡಿದರು.

ಅರ್ಧ ಮುಖ ಬೆಳ್ಳಗೆ, ಹಿಂದೆ ಹಾರುವ ಬಿಳಿ ಬಟ್ಟೆ. ಅಳುತ್ತ ಬರುತ್ತಿದ್ದ ಟೆಂಪೊದ ಹೆಣ್ಣುಮಕ್ಕಳು ಅವರನ್ನು ನೋಡಿ ಅಳುವುದನ್ನು ಬಿಟ್ಟು ಕಿರುಚಿದರು. ಧರೆಪ್ಪನವರ ಸ್ವಂತ ಅತ್ತೆ, “ಯಪ್ಪಾ, ನಿನಗ ಏನ್ ಕಡಿಮಿ ಆಗಿತ್ತೊ, ಬೇಕಾದ್ದ ಎಡಿ ಹಿಡೀತೇವಿ, ತಿರುಗಿ ಹೋಗೊ” ಎಂದು ಕೈಮುಗಿದು ದಾರಿಯಲ್ಲಿ ಕೂತುಬಿಟ್ಟಳು. ಧರೆಪ್ಪನವರು ಅತ್ತೆಗೆ ನಮಸ್ಕಾರ ಮಾಡಿ ಮುಂದೆ ಓಡಿದರು. ಹಂದರ ಹೊಕ್ಕು ಮುರಗೆಪ್ಪನ ಕೈಯಿಂದ ಮೈಕು ಕಸಿದುಕೊಂಡು, ಏದುಸಿರಿನಲ್ಲಿ, “ನಾ ಧರೆಪ್ಪ ಮಾತಾಡಾಕತ್ತೇನಿ. ನಾ ಸತ್ತಿಲ್ಲ” ಎಂದರು.

ಇದರಿಂದ ಹಂದರದೊಳಗಿನವರಿಗೆ ಸಮಾಧಾನವಾಯಿತು, ಹೊರಗಿನವರಿಗೆ ಆಗಲಿಲ್ಲ. ಕಬ್ಬು ಕಡಿಯುವವರು ಕುಡುಗೋಲು ಕೆಳಗಿಟ್ಟರು. ಯಾರದೋ ಮೈಯಲ್ಲಿ ಬಂದು ಮಾತಾಡುತ್ತಿದ್ದಾನೆ, ಮಗನ ಮದುವೆ ನೋಡುವ ಆಸೆ ಉಳಿದಿತ್ತು ಪಾಪ ಎಂದರು. ಬಾಳಾಸಾಬ ಹಾರದ ಸಮೇತ ಅದೇ ಹೊತ್ತಿಗೆ ಬಂದ. ಎದುರಿಗೆ ಮೃತರು ನಿಂತಿದ್ದಾರೆ. ಕೈಯಲ್ಲಿ ಹಾರ, ಬಾಯಲ್ಲಿ ಭಾಷಣ. ಯಾವುದನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ, ತಂದದ್ದು ತಂದಾಗಿದೆ ಎಂದು ಅವರ ಕೊರಳಿಗೇ ಹಾಕಿ, ಅಭ್ಯಾಸಬಲದಿಂದ ಕಣ್ಣು ಒರೆಸಿಕೊಂಡ.

ನಗುವವರು ನಕ್ಕರು. ಗೌರಾಬಾಯಿ ನಗಲಿಲ್ಲ. ಆಕೆ ಹಂದರದಿಂದ ಎದ್ದು ಹೋಗಿ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತಳು, ತಮ್ಮನನ್ನು ಕರೆದು ಮದುಮಗ ಅಣ್ಣಾಸಾಬನನ್ನು ಬಾಸಿಂಗದ ಸಮೇತ ಟೆಂಪೊದಲ್ಲಿ ಕೂಡಿಸಲು ಹೇಳಿದಳು.

“ನನ್ನ ತಾಳಿ ಮ್ಯಾಲ ಎರಡ ಸಲ ಕೂಗಿದ ಮನಿ ಇದು. ಈ ಮನಿಯಿಂದ ಸೊಸಿ ಬ್ಯಾಡ.”

ಒಳಗೆ ಅರಿಷಿಣದ ಸೀರೆಯಲ್ಲಿ ಕೂತ ಶಿವಗಂಗಾ ಬಳೆಗಳನ್ನು ಒಂದೊಂದಾಗಿ ಹಿಂದಕ್ಕೂ ಮುಂದಕ್ಕೂ ಸರಿಸುತ್ತಿದ್ದಳು. ರುಕ್ಮವ್ವ ಗಂಡನ ಮುಂದೆ ಹೋಗಿ ನಿಂತಳು. ಆಕೆ ಬಯ್ಯಲೂ ಇಲ್ಲ. “ಹೋಗ್ರಿ. ಮಗಳನ್ನ ಒಳಗ ಕೂಡ್ಸಿ ಬಂದೇನಿ. ಅಕಿ ಎದ್ದ ಹಂದರಕ್ಕ ಬರೂದೈತೊ ಇಲ್ಲೊ ಕೇಳ್ಕೊಂಡ ಬರ್ರಿ” ಎಂದಳು.

ಮುರಗೆಪ್ಪನಿಗೆ ಅಷ್ಟೊತ್ತಿಗೆ ಯಾರೋ ಆ ಬಿರುದಿನ ಅರ್ಥ ಹೇಳಿದ್ದರು. ಪಟಗಾ ಬಿಚ್ಚಿ ಕೈಯಲ್ಲಿ ಹಿಡಿದು, ಬರಿದಲೆಯಲ್ಲಿ ಗುಡಿಯ ಕಟ್ಟೆಗೆ ಹೋದ. ಊರೇ ಅವನ ಹಿಂದೆ ಹೋಯಿತು. ಹೋಳಿಗೆ ಹೊತ್ತಿದರೆ ಹೊತ್ತಲಿ ಎಂದು ನಾವೂ ಹೋದೆವು.

“ಅಕ್ಕಾರ, ನಾ ಸಣ್ಣಾಂವಿದ್ದಾಗ ನಮ್ಮನ್ಯಾಗ ದುಂಡವ್ವಾಯಿ ಅಂತ ಇದ್ಲು, ನಮ್ಮಪ್ಪನ ಅವ್ವ. ಅಕಿ ಹೆಸರಿಗೆ ಬಂದ ಕಾರ್ಡಿನ್ಯಾಗೆಲ್ಲಾ ಗಂಗಾಭಾಗೀರಥಿ ದುಂಡವ್ವ ಅಂತ ಇರತಿತ್ತು. ಅಕಿ ಬಂದ್ರ ಪಾಟೀಲ್ರು ಎದ್ದ ನಿಲ್ಲತಿದ್ರು. ಹೊರಸಿನ ಮ್ಯಾಲೆ ಕುಂತ ಗಂಡಸರು ಕೆಳಗ ಇಳೀತಿದ್ರು. ಎಲ್ಲಾರೂ ಕಾಲ ಮುಟ್ಟಿ ಕಣ್ಣಿಗಿ ಹಚ್ಕೊಂತಿದ್ರು. ಆ ಮಾನಾ ಆ ಹೆಸರಿಗೆ ಅಂತ ತಿಳಕೊಂಡಿದ್ದೆರಿ, ಅಕಿಗೆ ಅಂತ ತಿಳೀಲಿಲ್ಲ. ನನ್ನ ಮಗಳು ಕಾಲ ಬೀಳಾಕ ಹೋಗೂ ಮನಿ ನಿಮ್ಮದು. ನಿಮಗೂ ಅಷ್ಟ ಮಾನಾ ಆಗಲಿ ಅಂದೆ.”

ಗೌರಾಬಾಯಿ ಮುಖವನ್ನೂ ತಿರುಗಿಸಲಿಲ್ಲ. ಅಕ್ಕಿಕಾಳಿಗೆ ಬಂದ ಅಯ್ಯನವರು ಗಡಿಯಾರ ನೋಡಿಕೊಂಡು ಮುಂದೆ ಬಂದರು. ಮುಹೂರ್ತ ಮೀರಿದರೆ ಅವರಿಗೆ ತೆಲಸಂಗದಲ್ಲಿ ಇನ್ನೊಂದು ಮದುವೆ ತಪ್ಪುತ್ತಿತ್ತು. ಆದ್ದರಿಂದ ಶಾಸ್ತ್ರ ಬೇಗ ನೆನಪಾಯಿತು. ಕಾಗೆ ತಲೆಗೆ ಬಡಿದರೆ ನಮ್ಮಲ್ಲಿ ಏನು ಮಾಡುತ್ತಾರೆ ಎಂದು ಕೇಳಿದರು. ಎಲ್ಲರಿಗೂ ಗೊತ್ತಿದ್ದದ್ದೇ. ಆ ಮನುಷ್ಯ ಸತ್ತನೆಂದು ತಾವಾಗಿಯೇ ಬೀಗರಿಗೆ ಸುಳ್ಳು ಸುದ್ದಿ ಮುಟ್ಟಿಸಿ, ಅವರನ್ನು ಅಳಿಸುತ್ತಾರೆ. ಅತ್ತರೆ ಗಂಡಾಂತರ ಕಳೆಯಿತು, ಆಯುಷ್ಯ ಬೆಳೆಯಿತು.

“ಇವತ್ತ ಒಂದ ಟೆಂಪೊ ಮಂದಿ ಅತ್ತೈತಿ. ಊರಿಗೆ ಫೋನೂ ಹೋಗೇತಿ. ಇಷ್ಟ ದೊಡ್ಡ ಶಾಂತಿ ನಾ ಯಾರ ಮನ್ಯಾಗೂ ಮಾಡ್ಸಿಲ್ಲ, ತಂಗಿ. ಯಜಮಾನರಿಗೆ ಇತ್ತಿತ್ತಲಾಗ ಕಾಗಿ ಏನರೆ ಬಡದಿತ್ತೇನು?”

ಎಲ್ಲರೂ ಧರೆಪ್ಪನವರ ಕಡೆ ನೋಡಿದರು. ಅವರು ಚೆಂಡುಹೂವಿನ ಹಾರದೊಳಗಿಂದ ಬಲಗೆನ್ನೆಯ ನೊರೆ ಒರೆಸಿಕೊಂಡು, ಹೆಂಡತಿಯ ಮುಖವನ್ನೂ ಟೆಂಪೊದಲ್ಲಿ ಬಾಸಿಂಗ ಕಟ್ಟಿಕೊಂಡು ಬೆವರುತ್ತಿದ್ದ ಮಗನ ಮುಖವನ್ನೂ ನೋಡಿ, “ಮೊನ್ನಿ ಒಂದು ಬಡದಂಗ ಆಗಿತ್ತ ನೋಡ” ಎಂದರು. ನಿಜವಾಗಿ ಬಡಿದಿತ್ತೋ ಇಲ್ಲವೋ ಆ ಕಾಗೆಗೇ ಗೊತ್ತು.

“ಮತ್ತ ನನ್ನ ಮುಂದ ಯಾಕ ಹೇಳಲಿಲ್ಲ?” ಎಂದಳು ಗೌರಾಬಾಯಿ.

“ನೀ ಅಳತಿದ್ದಿ.”

ಗೌರಾಬಾಯಿ ಸೆರಗು ಬಾಯಿಗೆ ಹಿಡಿದಳು. ಅಳುತ್ತಾಳೆಂದು ನಾವು ತಿಳಿದೆವು. ಭುಜ ಕುಲುಕಿದ್ದು ನಗೆಗೆ. ತುಸು ಹೊತ್ತಿನ ಮೇಲೆ ಎದ್ದು ಸೀರೆ ಝಾಡಿಸಿಕೊಂಡಳು. “ನನ್ನ ಗಂಡನ್ನ ಕಳದದ್ದು ಆ ಕರ್ಣಿ. ಹೊಳ್ಳಿ ಕೊಡೂದೂ ಅದ ಕೊಡಬೇಕು” ಎಂದು ಸೀದಾ ಹಂದರಕ್ಕೆ ನಡೆದಳು. ಮಲಕಾರಿ ಹೆದರುತ್ತ ಹೆದರುತ್ತ ಮೈಕನ್ನು ಆಕೆಯ ಮುಂದೆ ಇಳಿಸಿದ.

ಗಂಡನ ಹೆಸರನ್ನು ಸುಮ್ಮನೆ ಹೇಳುವ ಹೆಂಗಸು ಆಗ ನಮ್ಮಲ್ಲಿ ಇರಲಿಲ್ಲ. ಹೇಳಿದರೆ ಒಡಪು ಹಾಕಿಯೇ ಹೇಳಬೇಕು. ಒಡಪು ಹಾಕಲು ಗಂಡ ಬದುಕಿರಬೇಕು, ಅದಕ್ಕೂ ಅದೊಂದೇ ಅರ್ಹತೆ. ಗೌರಾಬಾಯಿ ತಾಳಿಯನ್ನು ಸೆರಗಿನಿಂದ ಹೊರಗೆ ತೆಗೆದು ಕೈಯಲ್ಲಿ ಹಿಡಿದು, ಬೇವಿನ ಮರದ ಕಡೆ ಮುಖ ಮಾಡಿ ಹೇಳಿದಳು:

“ಹೊಳಿದಂಡಿ ಕಬ್ಬಿಗೆ ಬೆಲ್ಲದ ಗಾಣ,
ಹಸರ ಹಂದರಕ್ಕ ಮಾವಿನ ತೋರಣ,
ಇಲ್ಲಂದ ಬಾಯಿಗೆ ಹೋಳಿಗಿ ಹೂರಣ,
ಧರೆಪ್ಪ ಅದಾರ್ರಿ, ನನ್ನ ತಾಳಿ ಪ್ರಮಾಣ.”

ಕಬ್ಬಿನೊಳಗಿಂದ ಯಾರೋ ಸಿಳ್ಳೆ ಹೊಡೆದರು. ಒಡಪು ಹೇಳುತ್ತಿದ್ದಾಳೆಂದರೆ ಗಂಡ ಗಟ್ಟಿ ಇದ್ದಾನೆ ಎಂದು ಕುಡುಗೋಲು ಎತ್ತಿಕೊಂಡರು. ಬಸ್ ಸ್ಟ್ಯಾಂಡಿನಲ್ಲಿ ಪಾರಿಸ ಮತ್ತೆ ಮುಗಳಖೋಡಕ್ಕೆ ಫೋನು ತಿರುಗಿಸಿದ, ಲೈನು ಸಿಗಲಿಲ್ಲ. ಒಳ್ಳೆಯ ಸುದ್ದಿಗೆ ಆ ಫೋನು ಎಂದೂ ಬೇಗ ಒಲಿದದ್ದಿಲ್ಲ. ವಾಜಂತ್ರಿಯವರು ಗಲ್ಲ ಉಬ್ಬಿಸಿದರು, ಅಣ್ಣಾಸಾಬ ಟೆಂಪೊದಿಂದ ಇಳಿದ ರಭಸಕ್ಕೆ ಬಾಸಿಂಗ ಓರೆಯಾಯಿತು, ಮುಹೂರ್ತದ ಬಾಲ ಹಿಡಿದು ಅಕ್ಕಿಕಾಳು ಬಿದ್ದೇ ಬಿಟ್ಟವು.

ಊಟಕ್ಕೆ ಸಾಲು ಕೂತಿತು. ಬಡಿಸಿಯೂ ಆಯಿತು. ಆದರೆ ಹೆಣ್ಣಿನ ತಂದೆ ಬಂದು ಕೈಮುಗಿದು “ಉಣ್ರಿ” ಅನ್ನುವ ತನಕ ಬೀಗರು ಎಲೆ ಮುಟ್ಟುವಂತಿಲ್ಲ, ಮುರಗೆಪ್ಪನ ಪತ್ತೆಯಿಲ್ಲ. ಕಣಿಕೆಯ ಬಣವೆಯ ಹಿಂದೆ ಅಡಗಿ ಕೂತಿದ್ದಾನೆಂದು ಓಣಿಗೆಲ್ಲ ಗೊತ್ತಿತ್ತು. ಮಲಕಾರಿ ಮೈಕು ಹಿಡಿದ, ಆದರೆ ಯಾವುದನ್ನು ಮುಂದೆ ಹಚ್ಚಿ ಕರೆಯಬೇಕೆಂದು ತಿಳಿಯದೆ ಬಾಯಿ ತೆರೆಯುವುದು ಮುಚ್ಚುವುದು ಮಾಡಿದ. 

ಕೊನೆಗೆ ಗೌರಾಬಾಯಿಯೇ ಎಲೆಯ ಮುಂದಿನಿಂದ ಎದ್ದು ಬಂದು ಮೈಕಿನಲ್ಲಿ ಕರೆದಳು. “ಅಣ್ಣಾ, ನಿಮ್ಮ ಬೀಗರು ಸತ್ತಿಲ್ಲ, ಖರೇ. ಆದರ ಹಸದಾರ. ಇನ್ನ ತಡಾ ಮಾಡಿದ್ರ ನಿಮ್ಮ ಮಾತು ಖರೇನ ಆಕ್ಕೈತಿ.”

ಬಣವೆಯ ಹಿಂದಿನಿಂದ ಮುರಗೆಪ್ಪ ಬಂದ. ತಲೆಯ ಮೇಲೆ ಪಟಗಾ ಇರಲಿಲ್ಲ, ಕಣಿಕೆಯ ಕಡ್ಡಿ ಇದ್ದವು. ಅಣ್ಣಾ ಎನಿಸಿಕೊಂಡ ಗುಂಗಿನಲ್ಲಿ “ಉಣ್ರಿ” ಅನ್ನುವುದನ್ನೇ ಮರೆತ. ಕೈಯನ್ನಷ್ಟೇ ಮುಗಿದ. ಬೀಗರು ಅಷ್ಟನ್ನೇ ಕೇಳಿಸಿಕೊಂಡು ಹೋಳಿಗೆ ಮುರಿದರು.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮದುಮಕ್ಕಳನ್ನು ಕರೆದುಕೊಂಡು ಮುಗಳಖೋಡ ಮುಟ್ಟಿದಾಗ, ಧರೆಪ್ಪನವರ ಹೊಲದಲ್ಲಿ ಜನ ಕೂಡಿತ್ತು. ಪಾರಿಸನ ಮೊದಲನೆಯ ಫೋನನ್ನು ನಂಬಿದ ಅಲ್ಲಿಯ ಸಜ್ಜನರು, ಮನೆಯವರಿಗೆ ತ್ರಾಸಾಗಬಾರದೆಂದು, ಹಿರಿಯರ ಸಮಾಧಿಗಳ ಸಾಲಿನಲ್ಲಿ ತಗ್ಗು ತೋಡಿ, ಬದು ಸವರಿ, ಕೈಕಾಲು ತೊಳೆದುಕೊಂಡು ಕಾಯುತ್ತಿದ್ದರು. ಧರೆಪ್ಪನವರು ತಗ್ಗಿನ ಸುತ್ತ ಒಂದು ಸುತ್ತು ಬಂದು, ಆಳ ಚಲೋ ಬಂದಿದೆ ಎಂದು ಮೆಚ್ಚಿ, ಮಳೆಗಾಲದಲ್ಲಿ ಅದರೊಳಗೆ ಹೊಸ ಸೊಸೆಯ ಕೈಯಿಂದ ಒಂದು ಮಾವಿನ ಸಸಿ ಹಚ್ಚಿಸಿದರು.

ಗಿಡ ಈಗ ಮನೆಯೆತ್ತರ ಬೆಳೆದಿದೆ. ಪ್ರತಿ ಬೇಸಿಗೆಯಲ್ಲಿ ಮೊದಲ ಬುಟ್ಟಿ ಹಣ್ಣು ನಮ್ಮ ಓಣಿಗೆ ಬರುತ್ತದೆ. ತರುವ ಆಳು ಗೌರಾಬಾಯಿ ಹೇಳಿಕೊಟ್ಟಂತೆ ಓಣಿಯ ತುದಿಯಿಂದಲೇ, “ರಾಜಮಾನ್ಯ ರಾಜಶ್ರೀ ಮುರಗೆಪ್ಪ ಸಾವಕಾರ್ರು ಮನ್ಯಾಗ ಅದಾರೇನ್ರಿ” ಎಂದು ಗಟ್ಟಿಯಾಗಿ ಕೂಗುತ್ತ ಬರುತ್ತಾನೆ. ಮುರಗೆಪ್ಪ ಹೊರಗೆ ಬರುತ್ತಾನೆ. ಆದರೆ ಬುಟ್ಟಿಗೆ ಕೈ ಹಚ್ಚುವ ಮೊದಲು ಒಂದು ಗಳಿಗೆ ಕಂಬಕ್ಕೆ ಒರಗಿ, ತನ್ನ ನಾಡಿ ಹಿಡಿದು ನೋಡಿಕೊಳ್ಳುತ್ತಾನೆ.